ಅನಿತೊ ಮೇಷ್ಟ್ರು

ಎನ್.ಆರ್. ಕಾಲೋನಿಯ ನಂಜುಂಡಯ್ಯ ಮೇಷ್ಟ್ರು ಕಾಲೋನಿ ಬಿಟ್ಟು ಕದಲದೆ, ಒಂದೇ ಒಂದು ಪದವನ್ನು ಅಟ್ಟಿಸಿಕೊಂಡು ಸಪ್ತಸಾಗರ ದಾಟಿದ ಭಾಷಾಶಾಸ್ತ್ರದ ಮಹಾವೀರರು. ಸೊಪ್ಪಿನ ಮುನಿಯಮ್ಮ ಬುಟ್ಟಿ ಇಳಿಸಿದರೂ ಸಾಕು, ದಿಗ್ವಿಜಯ ಶುರುವಾಗುತ್ತದೆ. "ಎಲ್ಲಾ ಅಕ್ಕತಂಗಿ ಭಾಷೆಗಳು ನೋಡಮ್ಮ, ಮೂಲ ಪದ ಒಂದೇ. ಫಿಲಿಪೀನ್ಸಲ್ಲಿ ಅನಿತೊ ಅಂದ್ರೆ ತೀರ್ಕೊಂಡ ಹಿರಿಯರು, ಪೂಜೆ ಮಾಡ್ತಾರೆ. ಮಲಯದೋರ ಬಾಯಲ್ಲಿ ಅದೇ ಹಂತು, ಬರೀ ದೆವ್ವ. ನ್ಯೂಜಿಲೆಂಡಿನ ಮಾವೊರಿಗಳ ಹತ್ರ ಹೋದ್ರೆ ಐತುವಾ, ಅಂದ್ರೆ ಕೇಡು." "ದಂಟು ಬೇಕಾ ಸ್ವಾಮಿ, ಪಾಲಕ್ಕಾ?" ಎನ್ನುತ್ತಾಳೆ ಆಕೆ. ಇಂಥ ಮೇಷ್ಟ್ರನ್ನು ಸಾಕಿ ಓದಿಸಿದ ಅಕ್ಕ ಹೋದ ವರ್ಷ ತೀರಿಕೊಂಡರು. ಅಂದಿನಿಂದ ಮಟಮಟ ಮಧ್ಯಾಹ್ನ, ಯಾರೂ ಇಲ್ಲದ ಅಡುಗೆಮನೆಯಲ್ಲಿ, ಅಕ್ಕ ಇದ್ದಾಗಿನಂತೆಯೇ, ಮಜ್ಜಿಗೆ ಕಡೆಯುವ ಸದ್ದು. ಸೊಸೆ ಮಧುರಾ ಹೆದರಿ ಮಂತ್ರವಾದಿಯನ್ನು ಕರೆಸಿದಾಗ ಮೇಷ್ಟ್ರು ಬಾಗಿಲಿಗೆ ಕೈ ಅಡ್ಡ ಹಿಡಿದರು. "ದೆವ್ವ ಆದ್ರೆ ಓಡ್ಸಿ. ಹಿರಿಯರಾದ್ರೆ ಮುಟ್ಬೇಡಿ." "ಯಾವುದು ಅಂತ ನೀವೇ ಹೇಳ್ಬೇಕು ಮೇಷ್ಟ್ರೇ," ಎಂದ ಆತ. ಮೇಷ್ಟ್ರು ಅಡುಗೆಮನೆಯತ್ತ ಮುಖ ಮಾಡಿ, "ಅಕ್ಕಾ, ಯಾವ ಅರ್ಥದಲ್ಲಿ ಬಂದಿದೀಯ?" ಎಂದು ಕೇಳಿದರು. ಸದ್ದು ನಿಂತಿತು. ನೋಡನೋಡುತ್ತಲೇ ಅವರ ಎಡಗಿವಿ, ಚಿಕ್ಕಂದಿನಲ್ಲಿ ದಡ್ಡ ಪ್ರಶ್ನೆ ಕೇಳಿದಾಗ ಅಕ್ಕ ಹಿಂಡುತ್ತಿದ್ದಂತೆಯೇ, ಕೆಂಪಾಗಿ ತಿರುಚಿಕೊಂಡಿತು. "ಇದು ಹಿರಿಯರೇ," ಎಂದರು ಮೇಷ್ಟ್ರು ಮಂತ್ರವಾದಿಗೆ, ಕಣ್ಣಲ್ಲಿ ನೀರು ತುಂಬಿಕೊಂಡು. "ನೀವಿನ್ನು ಹೊರಡಿ ಸ್ವಾಮಿ."