ಕರಬಸಪ್ಪನವರ ಮಗ್ಗದ ಪದ

ಓಲ್ಡಮ್ ಎಂಬ ಇಂಗ್ಲಿಷ್ ಊರಿನ ಕರಬಸಪ್ಪನವರು ಬನಹಟ್ಟಿಯ ನೇಕಾರರ ಮನೆಯವರು. ಅರವತ್ತರ ದಶಕದ ಕೊನೆಯಲ್ಲಿ, ಮೀಸೆ ಇನ್ನೂ ಗಟ್ಟಿಯಾಗದ ವಯಸ್ಸಿನಲ್ಲಿ, ಇಲ್ಲಿನ ಹತ್ತಿ ಗಿರಣಿಗೆ ಬಂದು ಸೇರಿದರು. ಹೆಂಡತಿ ಶರಣಮ್ಮ ಆಮೇಲೆ ಬಂದು ಅದೇ ಶೆಡ್ಡಿನಲ್ಲಿ ಎದುರಿನ ಮಗ್ಗ ಹಿಡಿದರು. ಗಿರಣಿ ಮುಚ್ಚಿದ ಮೇಲೆ ಅವರು ಬಸ್ಸು ಓಡಿಸಿದರು, ಈಕೆ ಶಾಲೆಯೊಂದರ ಅಡಿಗೆಮನೆ ಸೇರಿದರು. ಈಗ ಇಬ್ಬರಿಗೂ ಪೆನ್ಷನ್.

ಮಗ್ಗದ ಶೆಡ್ಡಿನಲ್ಲಿ ಕಿವಿಗೆ ಕೆಲಸವಿಲ್ಲ. ನೂರಾರು ಮಗ್ಗ ಒಟ್ಟಿಗೆ ಬಡಿಯುವಾಗ ಪಕ್ಕದವರು ಕೂಗಿದರೂ ಕೇಳಿಸದು. ಹಾಗಾಗಿ ಈ ಲ್ಯಾಂಕಾಷೈರ್ ಸೀಮೆಯ ನೇಕಾರ ಹೆಂಗಸರು ದನಿಯಿಲ್ಲದೆ, ತುಟಿಯನ್ನು ದೊಡ್ಡದಾಗಿ ಆಡಿಸಿ, ಸಂಸಾರದ ಸುದ್ದಿಯೆಲ್ಲ ಮಾತಾಡಿಕೊಳ್ಳುತ್ತಿದ್ದರು. ನೋಡನೋಡುತ್ತ ಇವರಿಬ್ಬರೂ ಅದನ್ನು ಕಲಿತರು, ಬನಹಟ್ಟಿಯ ಮಾತಿನಲ್ಲಿ. ಕರಬಸಪ್ಪ ಮಗ್ಗದ ಬಡಿತಕ್ಕೆ ಪದ ಕಟ್ಟಿ, ಎದುರಿನ ಮಗ್ಗಕ್ಕೆ ತುಟಿಯಲ್ಲೇ ದಾಟಿಸುತ್ತಿದ್ದರು. ಫೋರ್‌ಮನ್, ಹಿಮ, ಜೋಳದ ರೊಟ್ಟಿಯ ಆಸೆ, ಎಲ್ಲವೂ ಅದರಲ್ಲಿ. ಮನೆಯಲ್ಲಿ ದನಿ ತೆಗೆದು ಹೇಳಿ ಎಂದು ಶರಣಮ್ಮ ಕೇಳಿದರೆ ಮಾತ್ರ ನಾಚಿಕೆ: "ಇಲ್ಲಿ ಭಾಳ ಶಾಂತ ಐತಿ, ಬಾಯಿ ಬರೂದಿಲ್ಲ."

ಹೋದ ವರ್ಷ ರಾಜ್ಯೋತ್ಸವಕ್ಕೆ ಮೊದಲು ಅವರೇ ನಮ್ಮ ಕನ್ನಡ ಸಂಘಕ್ಕೆ ಫೋನ್ ಮಾಡಿದರು. "ಸಾಯೂದ್ರೊಳಗ ಒಮ್ಮೆ ಮಂದಿ ಮುಂದ ಒಂದ ಪದ ದನಿ ತಗದು ಹೇಳಬೇಕಂತೀನ್ರಿ." ಕಾರ್ಯದರ್ಶಿ, ಡಿಡ್ಸ್‌ಬರಿಯ ಡಾಕ್ಟರ್ ದಿವಾಕರ, ಕುಣಿದಾಡುವಷ್ಟು ಖುಷಿಪಟ್ಟರು. ಆಮೇಲೆ, ಕರಬಸಪ್ಪ ಬರೆದು ಕಳಿಸಿದ ಪದವನ್ನು ಪುಸ್ತಕದ ಕನ್ನಡಕ್ಕೆ "ಸ್ವಲ್ಪ ನೀಟಾಗಿ" ತಿದ್ದಿಕೊಟ್ಟರು. "ಎಲ್ಲ ಕಡೆಯವರೂ ಇರ್ತಾರಲ್ಲ ಸರ್, ಎಲ್ರಿಗೂ ಅರ್ಥ ಆಗ್ಲಿ ಅಂತ ಅಷ್ಟೇ."

ಕೆಟ್ಟ ಮನುಷ್ಯರಲ್ಲ ದಿವಾಕರ. ಆದರೂ ನನಗೆ ಮೈಯೆಲ್ಲ ಉರಿಯಿತು. ತಿದ್ದಬಾರದಿತ್ತೆಂದು ಸಮಿತಿಯಲ್ಲಿ ಹೇಳಿಯೂ ಹೇಳಿದೆ. ಅವರು ತಲೆಯಾಡಿಸಿ ಊಟದ ವಿಷಯಕ್ಕೆ ಹೋದರು. ಕರಬಸಪ್ಪ ಮಾತ್ರ ತಕರಾರು ಮಾಡದೆ ಹೊಸ ಸಾಲುಗಳನ್ನು ಒಬ್ಬರೇ ಕೂತು ಮನಸ್ಸಿನಲ್ಲೇ ಬಾಯಿಪಾಠ ಮಾಡಿದರು. ಹಾಳೆ ಹಿಡಿದು ಹೇಳುವ ರೂಢಿ ಅವರಿಗೆಲ್ಲಿ?

ಸಾಲ್ಫರ್ಡಿನ ಹಾಲ್ ತುಂಬಿತ್ತು. ಅವರು ಮೈಕಿನ ಮುಂದೆ ನಿಂತು "ಮಗ್ಗವು ಬಡಿದರೆ ಹೊಟ್ಟೆಗೆ ರೊಟ್ಟಿ" ಎಂದರು. ಮತ್ತೆ ಅದೇ ಸಾಲು. ಬೆರಳು ಮೈಕಿನ ಕಂಬವನ್ನು ಬಡಿಯುತ್ತಿತ್ತು, ಆ ಬಡಿತಕ್ಕೆ ಸಾಲು ಕೂರುತ್ತಿರಲಿಲ್ಲ. ಯಾರೋ ಕೆಮ್ಮಿದರು. ಇಲ್ಲಿಗೇ ಮುಗಿಸಿ ಮರ್ಯಾದೆ ಉಳಿಸೋಣವೆಂದೋ ಏನೋ, ದಿವಾಕರ ಚಪ್ಪಾಳೆಗೆ ಕೈ ಎತ್ತಿದರು.

ಆಗ ಕುರ್ಚಿಗಳ ಕೊನೆಯ ಸಾಲಿನಲ್ಲಿ, ನನ್ನ ಪಕ್ಕದಲ್ಲಿದ್ದ ಶರಣಮ್ಮ ಎದ್ದು ನಿಂತರು. ತುಟಿಗಳು ಅಗಲವಾಗಿ ಆಡಿದವು. ಪಕ್ಕದಲ್ಲೇ ಇದ್ದರೂ ನನಗೆ ಒಂದಕ್ಷರ ಕೇಳಿಸಲಿಲ್ಲ. ಅಷ್ಟು ದೂರದಿಂದ ಕರಬಸಪ್ಪನವರ ಕಣ್ಣು ಆ ತುಟಿಗಳ ಮೇಲೆ ನೆಟ್ಟಿತು.

"ಮಗ್ಗ ಬಡದ್ರ ಹೊಟ್ಟಿಗಿ ರೊಟ್ಟಿ,
ಮಗ್ಗ ನಿಂತ್ರ ಒಲಿ ತಣ್ಣಗ,
ಫೋರ್‌ಮನ್ ಬಂದ್ರ ಬಾಯಿ ಮುಚ್ಚಿ,
ಹೋದ್ರ ಹಾಡು ನಿನ್ನ ಕಣ್ಣಿಗ."

ಕರಬಸಪ್ಪ ಕೊನೆತನಕ ದನಿ ತೆಗೆದೇ ಹೇಳಿದರು, ಎಲ್ಲೂ ತಡವರಿಸಲಿಲ್ಲ. ಚಪ್ಪಾಳೆ ಜೋರಾಗಿಯೇ ಬಿತ್ತು, ದಿವಾಕರ ಅವರದೂ ಸೇರಿ.

ಶರಣಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ತಿದ್ದಿದ್ದನ್ನ ಬಿಟ್ಟು ಹಳೇದನ್ನೇ ಹೇಳಿಕೊಟ್ರಲ್ಲಮ್ಮ!" ಎಂದೆ. ನನಗೆ ಖುಷಿ ತಡೆಯಲಾಗಿರಲಿಲ್ಲ.

"ತಿದ್ದಿದ್ದು ನನಗೇನ ಗೊತ್ತ ಯವ್ವಾ? ಅವರ ತುಟಿ ನೋಡಿ ಕಲತದ್ದಷ್ಟ ನನಗ ಗೊತ್ತ," ಎಂದರು. "ಈ ಪದಾ ಕಿವೀಲೆ ಕೇಳಿದ್ದು ಇವತ್ತ ಮೊದಲ."