ಕವಿತಾ ಹೇಳಿದ್ದು, ನಾನು ಹೇಳಿದ್ದು

ಕವಿತಾ ತನ್ನ ಕೈಗಳಿಂದ ಹೇಳಿದ ಮಾತನ್ನು ಅವಳ ಅವ್ವನಿಗೆ ನಾನು ತಿರುಚಿ ಹೇಳಿದೆ. ಗೊತ್ತಿದ್ದೇ ಹೇಳಿದೆ. ಅರ್ಥವಾಗದೆ ತಪ್ಪಿದ್ದಲ್ಲ — ಅವಳ ಒಂದೊಂದು ಸನ್ನೆಯೂ ನನಗೆ ಅರ್ಥವಾಗಿತ್ತು. ಏಳು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ನಾನು ಚಿಕ್ಕೋಡಿ ಕಡೆಯ ಹಳ್ಳಿಗಳಲ್ಲಿ ಅಂಗವಿಕಲ ಮಕ್ಕಳ ಮನೆಗೇ ಹೋಗಿ ಕಲಿಸುವ ಶಿಕ್ಷಕಿ. ಕಿವಿ ಕೇಳದವರಿಗೆ ಸನ್ನೆ ಭಾಷೆ ಕಲಿಸುತ್ತೇನೆ. ಸಾಲಿ ಮುಗಿದ ಮೇಲೆ ಅವರು ಎಲ್ಲಿಗೆ ಹೋಗಬೇಕು, ಏನು ಕೆಲಸ ಹಿಡಿಯಬೇಕು ಎಂಬುದನ್ನೂ ಮನೆಯವರ ಜೊತೆ ಕೂತು ನೋಡುತ್ತೇನೆ. ಸದಲಗಾ ಹತ್ತಿರದ ಒಂದು ಊರಿನ ಕವಿತಾ ನನ್ನ ಕೈಯಲ್ಲೇ ಬೆಳೆದವಳು. ಹುಟ್ಟಿನಿಂದ ಕಿವಿ ಕೇಳದು. ಅಪ್ಪ ಇಲ್ಲ. ಅವ್ವ ಶೋಭಕ್ಕ ಕಬ್ಬಿನ ಕೆಲಸಕ್ಕೆ ಹೋಗುವಾಕೆ, ಓದು ಬರಹ ಬಾರದು. ಉಣ್ಣು, ಮಲಗು, ಬಾ, ಬ್ಯಾಡ — ಇಷ್ಟೇ ಆಕೆಗೆ ಬರುತ್ತಿದ್ದ ಸನ್ನೆ. ಅದರಾಚೆ ತಾಯಿ ಮಗಳ ನಡುವೆ ಏನೇ ಮಾತಾದರೂ ಅದು ನನ್ನಿಂದಲೇ ಆಗಬೇಕಿತ್ತು.

ಅದು ನನಗೆ ಎಷ್ಟು ಹೆಮ್ಮೆಯ ವಿಷಯವಾಗಿತ್ತು ಎಂದರೆ — ಅದನ್ನೂ ಹೇಳಿಬಿಡುತ್ತೇನೆ. ನಾನಿಲ್ಲದೆ ಈ ಮನೆಯಲ್ಲಿ ಒಂದು ಹುಲ್ಲುಕಡ್ಡಿಯೂ ಅಲ್ಲಾಡದು ಅಂದುಕೊಂಡಿದ್ದೆ.

ಕವಿತಾಗೆ ಹದಿನೆಂಟು ತುಂಬಿತು. ಬೆಳಗಾವಿಯಲ್ಲಿ ಹೊಲಿಗೆ ತರಬೇತಿಯ ಹಾಸ್ಟೆಲ್ ಇತ್ತು. ಅಲ್ಲಿಗೆ ಅವಳ ಹೆಸರನ್ನು ನಾನು ಬರೆಸಿಬಿಟ್ಟಿದ್ದೆ, ನಮ್ಮ ಕಚೇರಿಯ ಸಾಹೇಬರ ಮುಂದೆ ಮಾತೂ ಕೊಟ್ಟಿದ್ದೆ. ನಿನಗೆ ಹೊಲಿಗೆ ಇಷ್ಟವೇನೇ ಎಂದು ಅವಳನ್ನು ಕೇಳಿದ್ದೆನೇ? ಇಲ್ಲ. ಅಷ್ಟರಲ್ಲಿ ಒಂದು ದಿನ ಶೋಭಕ್ಕ ಓಡಿ ಬಂದಳು.

"ಅಕ್ಕೋರ, ನಮ್ಮ ಕವಿತಾಗ ಕೆಲಸ ಸಿಕ್ಕೈತ್ರಿ! ಬಾಳಾಸಾಹೇಬರ ಡೇರಿಯಾಗ. ಹದಿನೈದ ದಿನಾ ನೋಡೂಣು ಅಂದಾರ್ರಿ."

ಬಾಳಾಸಾಹೇಬರು ಅಲ್ಲಿನ ಜೈನ ಒಕ್ಕಲುಮನೆತನದವರು, ಮನೆಗೆ ಹತ್ತಿಕೊಂಡೇ ಹಾಲು ತೆಗೆದುಕೊಳ್ಳುವ ಕೇಂದ್ರ ಇಟ್ಟಿದ್ದರು. ಹಾಲಿನ ಕೊಬ್ಬು ಅಳೆಯುವ ಮಷಿನ್ನಿಗೆ ಹಾಲು ಹಾಕಿ, ಅದು ತೋರಿಸುವ ಅಂಕಿಯನ್ನು ಕಾರ್ಡಿನಲ್ಲಿ ಬರೆಯುವುದು ಕವಿತಾಳ ಕೆಲಸ. ಕಿವಿ ಬೇಕಾಗಿಲ್ಲ. ಅಕ್ಷರ ದುಂಡಗಿದ್ದರೆ ಸಾಕು, ಅವಳದು ದುಂಡಗಿತ್ತು. ನಾನು ಕುಣಿಯಬೇಕಿತ್ತು. ಬದಲಿಗೆ ಮೈಯೆಲ್ಲ ಉರಿಯಿತು — ನನ್ನನ್ನು ಒಂದು ಮಾತು ಕೇಳದೆ!

ನಾನು ಮೊದಲಿನಿಂದಲೂ ಅನುಮಾನದ ಹೆಂಗಸು. ಬಸ್ಸಿನಲ್ಲಿ ಪಕ್ಕದವರು ನಕ್ಕರೆ ಪರ್ಸ್ ಮುಟ್ಟಿ ನೋಡಿಕೊಳ್ಳುತ್ತೇನೆ. ಮನೆಯಲ್ಲಿ ನನ್ನ ಅಡ್ಡಹೆಸರೇ 'ಪೊಲೀಸ್'. ಆವತ್ತಿನಿಂದ ತಲೆಯಲ್ಲಿ ಒಂದೇ ಹುಳ. ಊರಲ್ಲಿ ಓದಿದ ಹುಡುಗಿಯರು ಬೇಕಾದಷ್ಟಿರುವಾಗ ಈ ಮಾತು ಬಾರದವಳೇ ಯಾಕೆ? ಏನಾದರೂ ಆದರೆ ಕೂಗಲಾರಳು, ಯಾರಿಗೂ ಹೇಳಲಾರಳು, ಅದಕ್ಕೇ ಏನು? ಈ ಅನುಮಾನ ಪೂರಾ ಸುಳ್ಳಿನಿಂದ ಹುಟ್ಟಿದ್ದಲ್ಲ. ಇಂಥ ಹುಡುಗಿಯರಿಗೆ ಏನೇನಾಗುತ್ತದೆ ಎಂದು ನನ್ನ ಕೆಲಸದಲ್ಲಿ ಕಂಡಿದ್ದೆ. ಆದರೆ ಕಾಯಲು ಹೋದೆನೋ, ತಪ್ಪು ಹುಡುಕಲು ಹೋದೆನೋ — ಇವತ್ತಿಗೂ ನನಗೆ ನನ್ನ ಮೇಲೆ ನಂಬಿಕೆ ಇಲ್ಲ.

ಹತ್ತನೇ ದಿನವೋ ಹನ್ನೊಂದನೆಯದೋ, ಹೇಳದೆ ಕೇಳದೆ ಸಂಜೆ ಡೇರಿಗೆ ಹೋದೆ. ಹಾಲು ಹಾಕುವವರು ಇನ್ನೂ ಬಂದಿರಲಿಲ್ಲ. ಕ್ಯಾನುಗಳು ಸಾಲಾಗಿದ್ದವು, ಕುರ್ಚಿ ಖಾಲಿ. ಮನೆಯ ಬಾಗಿಲು ಮುಚ್ಚಿತ್ತು. ಹೊರಗೆ ಒಂದು ಜೊತೆ ಗಂಡಸಿನ ಚಪ್ಪಲಿ, ಪಕ್ಕದಲ್ಲಿ ಕವಿತಾಳ ಚಪ್ಪಲಿ. ಕೂಗಲಿಲ್ಲ, ಬಾಗಿಲು ಬಡಿಯಲಿಲ್ಲ. ಬೇವಿನ ಗಿಡದ ಹಿಂದೆ ಕಳ್ಳಿಯ ಹಾಗೆ ನಿಂತೆ.

ಕಾಲು ಗಂಟೆಗೆ ಬಾಗಿಲು ತೆರೆಯಿತು. ಕವಿತಾ ಬಾಯಿ ಒರೆಸಿಕೊಳ್ಳುತ್ತಾ ಬಂದಳು. ಹಿಂದೆ ಬಾಳಾಸಾಹೇಬರು, ಅವರ ಹಿಂದೆ ಅವರ ಹೆಂಡತಿ ವಿಮಲಾಕಾಕು, ಕೈಯಲ್ಲಿ ನೀರಿನ ತಂಬಿಗೆ. ಹೊತ್ತು ಮುಳುಗುವ ಮೊದಲು ಉಂಡು ಮುಗಿಸುವ ಮನೆ ಅದು. ಹಾಲಿನ ಗದ್ದಲ ಶುರುವಾಗುವ ಮುಂಚೆ ಈ ಹುಡುಗಿಯನ್ನೂ ತಮ್ಮ ಜೊತೆ ಊಟಕ್ಕೆ ಕೂರಿಸಿಕೊಳ್ಳುತ್ತಿದ್ದರು, ಅಷ್ಟೇ. ಜೈನರ ಮನೆಯ ಈ ರೂಢಿ ನನಗೆ ಗೊತ್ತಿರಲಿಲ್ಲವೇ? ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು, ನನ್ನ ಅರ್ಧ ಗೆಳತಿಯರು ಜೈನರು.

ಅಲ್ಲಿಗೇ ನನ್ನ ಅನುಮಾನ ಸಾಯಬೇಕಿತ್ತು. ಸಾಯಲಿಲ್ಲ, ಬೇರೆ ದಾರಿ ಹುಡುಕಿತು. ಕವಿತಾಳದು ಅಂಬೇಡ್ಕರರ ದಾರಿ ಹಿಡಿದು ಬೌದ್ಧರಾದ ದಲಿತ ಮನೆತನ, ಕೂಲಿ ಮಾಡುವವರು. ಅಂಥ ಮನೆಯ ಹುಡುಗಿಯನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿ ಉಣ್ಣಿಸುತ್ತಾರೆ ಎಂದರೆ, ಒಳಗೆ ಏನೋ ಇದೆ! ಒಳ್ಳೆಯತನವನ್ನು ಕಂಡರೂ ಮೂಸಿ ನೋಡುವ ಬುದ್ಧಿ. ಥೂ.

ಹಾಲಿನ ಕೆಲಸ ಮುಗಿಯುವ ತನಕ ಕಾದು, ಕವಿತಾಳನ್ನು ಕರೆದುಕೊಂಡು ಅವಳ ಮನೆಗೆ ನಡೆದೆ. ದಾರಿಯುದ್ದಕ್ಕೂ ಅವಳ ಕೈಗೆ ಬಿಡುವಿರಲಿಲ್ಲ. ಮನೆ ತಲುಪಿದ ಮೇಲೆ ಅವ್ವನ ಮುಂದೆ ಕೂತು ಮತ್ತೆ ಮೊದಲಿನಿಂದ ಎಲ್ಲ ಹೇಳಿದಳು. ಕಾಕು ರೊಟ್ಟಿ ನೀಡುತ್ತಾಳೆ, ಸಾಹೇಬರು ನನ್ನ ಅಕ್ಷರ ಎಲ್ಲರಿಗೂ ತೋರಿಸುತ್ತಾರೆ, ದಿನಾ ಹೋಗುತ್ತೇನೆ, ಅವ್ವನಿಗೆ ಹೇಳು — ದಿನಾ ಹೋಗುತ್ತೇನೆ.

"ಏನ ಅನ್ನಾಕತ್ತಾಳ್ರಿ ಅಕ್ಕೋರ?" ಶೋಭಕ್ಕ ಕೇಳಿದಳು.

ನಾನು ಹೇಳಿದೆ: "ಅಲ್ಲಿ ಹೋಗಾಕ ಅಂಜಿಕಿ ಬರತೈತಿ ಅಂತಾಳ. ಯಾಕಂದ್ರ ಹೇಳವಲ್ಲಳು."

ಶೋಭಕ್ಕ ಮಗಳ ಕಡೆ ತಿರುಗಿ, ಹೌದೇನು ಎಂಬಂತೆ ಗದ್ದ ಎತ್ತಿದಳು. ತನ್ನ ಮಾತನ್ನೇ ನಾನು ಹೇಳಿದ್ದೇನೆ ಎಂದುಕೊಂಡ ಕವಿತಾ — ಜೋರಾಗಿ, ಖುಷಿಯಿಂದ, ಎರಡು ಮೂರು ಸಲ ತಲೆಯಾಡಿಸಿದಳು.

ಆಗಲೂ ನಾನು ತಡೆಯಬಹುದಿತ್ತು...

ಮರುದಿನದಿಂದ ಕವಿತಾ ಡೇರಿಗೆ ಹೋಗುವುದು ಬಂದ್. ಕಾಕು ಬಂದು ಬಾಗಿಲಲ್ಲಿ ನಿಂತರೆ ಶೋಭಕ್ಕ ಮುಖದ ಮೇಲೆ ಕದ ಹಾಕಿದಳಂತೆ. ನನ್ನನ್ನು ಕಂಡ ಕೂಡಲೆ ಕವಿತಾ ಕೇಳಿದಳು, ಯಾಕೆ ಬಿಡಿಸಿದರು, ನಾನೇನಾದರೂ ತಪ್ಪು ಬರೆದೆನೇ? ಆಗ ಎರಡನೆಯ ಸುಳ್ಳು. ಅವರಿಗೆ ನೀನು ಬೇಡವಂತೆ ಎಂದೆ. ಅವಳು ಪಾಟಿ ತಂದು ಅಂಕಿಗಳನ್ನು ಸಾಲಾಗಿ ಬರೆದು ನನ್ನ ಮುಂದೆ ಹಿಡಿದಳು, ನೋಡು, ಎಲ್ಲ ಸರಿ ಇವೆ ಎಂದು. ನಾನು ನೋಡಿದೆ. ಎಲ್ಲ ಸರಿ ಇದ್ದವು. ಎದ್ದು ಬಂದೆ.

ಬೆಳಗಾವಿಗಾದರೂ ಹೋದಳೇ? ಎಲ್ಲಿಯ ಬೆಳಗಾವಿ! ನನ್ನ ಮಾತಿನಿಂದ ಬೆದರಿದ ಶೋಭಕ್ಕ "ಇನ್ನ ಎಲ್ಲಿಗೂ ಕಳಸೂದಿಲ್ರಿ, ನನ್ನ ಕಣ್ಣ ಮುಂದ ಇರಲಿ" ಎಂದಳು. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಚಿಲಕ ಹಾಕುವುದು ಶುರುವಾಯಿತು. ಏಳು ವರ್ಷ. ಹದಿನೆಂಟರ ಹುಡುಗಿ ಇಪ್ಪತ್ತೈದಕ್ಕೆ ಬಂದಳು, ಒಂದು ಮನೆ, ಎರಡು ಆಡು, ಒಂದು ಚಿಲಕ. ತಿಂಗಳಿಗೊಮ್ಮೆ ಹೋಗಿ ಶೋಭಕ್ಕ ಕೊಟ್ಟ ಚಹಾ ಕುಡಿದು ಬರುತ್ತಿದ್ದೆ ನಾನು, ಏನೂ ಆಗದವಳ ಹಾಗೆ.

ಹೋದ ತಿಂಗಳು ಅಂಗವಿಕಲರ ಕಾರ್ಡಿನ ಕೆಲಸಕ್ಕೆ ಶೋಭಕ್ಕ ಚಿಕ್ಕೋಡಿಗೆ ಬಂದಿದ್ದಳು. ಕಚೇರಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಂದಳು: "ಆ ಡೇರಿ ಬಾಳಾಸಾಹೇಬ ಸತ್ತನಂತ್ರಿ ಅಕ್ಕೋರ. ಪೀಡಾ ಹೋತ."

ಬೇರೆಯವರ ಮಗಳಿಗೆ ತನ್ನ ತಾಟಿನ ಪಕ್ಕ ಜಾಗ ಕೊಟ್ಟ ಮನುಷ್ಯ ಈ ಬೈಗುಳ ಹೊತ್ತು ಹೋದ, ಯಾಕೆಂದು ತಿಳಿಯದೆ ಹೋದ. ಅವರ ಕಾಲು ಹಿಡಿಯುವ ಅವಕಾಶವೂ ನನಗೆ ಉಳಿಯಲಿಲ್ಲ. ವಿಮಲಾಕಾಕು ಇದ್ದಾರೆ. ಅವರ ಮನೆಗೆ ಇನ್ನೂ ಹೋಗಿಲ್ಲ, ಹೋಗುತ್ತೇನೆ. ಅವರೂ ಕದ ಹಾಕಲಿ.

ಮೊನ್ನೆ ಭಾನುವಾರ ಶೋಭಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಬೈಯುತ್ತಾಳೆ, ಚಪ್ಪಲಿ ಎತ್ತುತ್ತಾಳೆ ಎಂದುಕೊಂಡಿದ್ದೆ. ಅವಳು ಆಡಿಗೆ ಸೊಪ್ಪು ಹಾಕುತ್ತಿದ್ದ ಮಗಳನ್ನು ಕೈ ಮಾಡಿ ಕರೆದಳು. ನನ್ನ ಮುಖ ನೋಡದೆ ಕೇಳಿದಳು:

"'ನಾ ನಿನ್ನ ಕೇಳಬೇಕಾಗಿತ್ತ' ಅನ್ನಾಕ ಕೈಲೆ ಹೆಂಗ ಮಾಡಬೇಕ್ರಿ?"

ತೋರಿಸಿದೆ. ಕಬ್ಬಿನ ಗರಿ ಕೊರೆದ ಒರಟು ಬೆರಳುಗಳಿಂದ ಅವಳು ಅದನ್ನು ಮಗಳಿಗೆ ಹೇಳಿದಳು. ಸರಿಯಾಗಲಿಲ್ಲವೆಂದು ಮತ್ತೊಮ್ಮೆ ಹೇಳಿದಳು. ಅವ್ವ ಇಷ್ಟು ದೊಡ್ಡ ಮಾತನ್ನು ತನ್ನ ಜೊತೆ ಆಡಿದ್ದು ಅದೇ ಮೊದಲು. ಕವಿತಾ ಬೆರಗಾಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು, ಏನನ್ನು ಕೇಳಬೇಕಿತ್ತಂತೆ?

ಹೇಳತೊಡಗಿದೆ. ಅವ್ವನಿಗೆ ಆಡಿದ ಸುಳ್ಳು, ಅವಳಿಗೆ ಆಡಿದ ಸುಳ್ಳು, ಬಾಳಾಸಾಹೇಬರ ಸಾವು. ಅವಳು ರೆಪ್ಪೆ ಬಡಿಯದೆ ನನ್ನ ಕೈಗಳನ್ನೇ ನೋಡುತ್ತಿದ್ದಳು, ಅವಳಿಗೆ ಮಾತು ಕೇಳುವುದು ಕಣ್ಣಿನಿಂದಲೇ. ಕೊನೆಗೆ 'ನನ್ನನ್ನು' ಎಂದು ಎದೆ ಮುಟ್ಟಿಕೊಂಡೆ, 'ಕ್ಷಮಿಸು' ಎನ್ನುವುದು ಇನ್ನೂ ಬಾಕಿ ಇತ್ತು.

ಕವಿತಾ ಕಣ್ಣು ಮುಚ್ಚಿಕೊಂಡಳು. ನಾನು ಎದ್ದು ಹೋಗುವ ತನಕ ತೆರೆಯಲಿಲ್ಲ.