ಹೆಣದ ಪಾರ್ಟಿನ ತಿಮ್ಮರಾಜು

ಬೋರನಕಣಿವೆ ಜಲಾಶಯ ಕೋಡಿ ಬಿದ್ದದ್ದನ್ನು ಕಂಡವನೇ ನೀರಿನ ವಿಷಯದಲ್ಲಿ ದೊಡ್ಡ ಮನುಷ್ಯ ಅನ್ನಿಸಿಕೊಳ್ಳುವ ಸೀಮೆ ನಮ್ಮದು. ಅಂಥಲ್ಲಿ ಹಂದನಕೆರೆಯ ತಿಮ್ಮರಾಜು ನೌಕಾಪಡೆಗೆ ಅಡುಗೆಯವನಾಗಿ ಸೇರಿದಾಗ ಊರಿನವರು ಅವನನ್ನು ಸಮುದ್ರದ ಪಾಲುದಾರನಂತೆ ನೋಡಿದರು. ಎಂಟು ವರ್ಷ ಕಳೆಯುವ ಹೊತ್ತಿಗೆ ಆ ಗೌರವ ಇಳಿದುಹೋಗಿತ್ತು. ಮೊದಲು ಅವನನ್ನು ದಡದ ಅಡುಗೆಮನೆಗೆ ಹಾಕಿದರು. ಆಮೇಲೆ ಒಂದು ಹಡಗು ಕೊಟ್ಟರು. ಅದು ರಿಪೇರಿಗೆ ನಿಂತಿತ್ತು. ಇನ್ನೊಂದಕ್ಕೆ ವರ್ಗವಾಯಿತು, ಇವನು ಹತ್ತಿದ ವಾರಕ್ಕೆ ಅದೂ ರಿಪೇರಿಗೆ ನಿಂತಿತು. ಪರದೇಶದ ಬಂದರು ಹಾಗಿರಲಿ, ಬೆಳಿಗ್ಗೆ ಹೋಗಿ ಸಂಜೆ ಬರುವಷ್ಟು ದೂರಕ್ಕಿಂತ ಆಚೆಗೆ ಅವನು ಸಮುದ್ರವನ್ನು ಕಂಡಿರಲಿಲ್ಲ.

ರಜಕ್ಕೆ ಬಂದಾಗಲೆಲ್ಲ ದೊಡ್ಡರಂಗಯ್ಯನವರು ಹಿಡಿದುಕೊಳ್ಳುತ್ತಿದ್ದರು. ಊರಿನ ದೊಡ್ಡ ತೋಟ ಅವರದು. ಒಮ್ಮೆ ಮಲ್ಪೆಯಲ್ಲಿ ಮೊಣಕಾಲವರೆಗೆ ಪಂಚೆ ತೋಯಿಸಿಕೊಂಡು ಬಂದಿದ್ದರು. ಆ ಆಧಾರದ ಮೇಲೆ ಸಮುದ್ರದ ವಿಷಯದಲ್ಲಿ ಊರಿನ ಕೊನೆಯ ಮಾತು ಅವರದೇ.

"ಏನ್ಲಾ ತಿಮ್ಮ, ಹಡಗು ಕದ್ಲ್ತಾ? ಇಲ್ಲಾ ಇನ್ನೂ ಗೂಟಕ್ಕೇ ಕಟ್ಟವ್ರಾ?"

"ಕಟ್ಟವ್ರೆ ಕಣಣ್ಣ."

"ಮೇವು ಗೀವು ಹಾಕ್ತವ್ರೋ ಇಲ್ವೋ?"

ಕೇಳಿದವರೆಲ್ಲ ನಗುತ್ತಿದ್ದರು. ತಿಮ್ಮರಾಜುವೂ ನಗುತ್ತಿದ್ದ, ಬೇರೆ ದಾರಿಯಿರಲಿಲ್ಲ.

ಊರಿನಲ್ಲಿ ಅವನಿಗೆ ಮೊದಲಿನಿಂದಲೂ ಇಂಥದೇ ಪಾರ್ಟು. ನಮ್ಮ ಕಡೆ ಪೌರಾಣಿಕ ನಾಟಕ ಆಡುವಾಗ ಪಾರ್ಟಿಗೆ ಹಣ ಕಟ್ಟಬೇಕು. ಹೆಚ್ಚು ಕಟ್ಟಿದವನಿಗೆ ಕಿರೀಟ, ಗದೆ ಮತ್ತು ಮುಗಿಯದ ಹಾಡುಗಳು. ತಿಮ್ಮರಾಜುವಿನ ತಾಯಿ ಚಿಕ್ಕಗೌರಮ್ಮ ಕಟ್ಟಿದ್ದಕ್ಕೆ ಮಗನಿಗೆ ಸಿಕ್ಕಿದ್ದು ಯುದ್ಧದಲ್ಲಿ ಸತ್ತುಬಿದ್ದ ಸೈನಿಕನ ಪಾರ್ಟು. ದೊಡ್ಡರಂಗಯ್ಯನವರು ರಾಜ. ಆ ಹೆಣದ ಪಕ್ಕ ನಿಂತು ಶೋಕದ ಹಾಡು ಹೇಳಿದರು, ಬೀಗರ ಕಡೆಯಿಂದ ಒನ್ಸ್ ಮೋರ್ ಕೂಗಿಸಿಕೊಂಡು ಮತ್ತೆ ಮತ್ತೆ ಹೇಳಿದರು. ತಿಮ್ಮರಾಜುವಿನ ಮೂಗಿನ ಮೇಲೆ ಹುಳ ಕೂತು, ಎದ್ದು, ಮತ್ತೆ ಕೂತಿತು. ಅವನು ರೆಪ್ಪೆ ಅಲುಗಿಸಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಶ್ರೀರಂಗಯ್ಯ ಮೊದಲೇ ಹೇಳಿದ್ದರು: "ಹೆಣ ಅಂದ್ರೆ ಹೆಣ ಕಣಪ್ಪ. ರಾಜ ಪದ ಮರೆತ್ರೆ ನಾನು ಎತ್ಕೊಡ್ತೀನಿ. ಹೆಣ ಅಲ್ಲಾಡಿದ್ರೆ ನಾಟ್ಕ ಎತ್ತೋಕೆ ಯಾರ ಕೈಲೂ ಆಗಲ್ಲ."

ತೊಂಬತ್ತೆಂಟರಲ್ಲಿ ಕೊನೆಗೂ ಅವನ ಹಡಗಿನ ರಿಪೇರಿ ಮುಗಿಯಿತು. ಆಫ್ರಿಕಾದ ಕಡೆ ಹೋಗಿಬರಲು ಹೆಸರೂ ಬಂತು. ಆದರೆ ಎಂಜಿನ್ನು ಗುರುಗುಟ್ಟಿದ ಮಾತ್ರಕ್ಕೆ ಹಡಗನ್ನು ಕಳಿಸುವುದಿಲ್ಲ. ಎತ್ತು ಕೊಳ್ಳುವವನು ಹಲ್ಲು ನೋಡಿ, ನೊಗ ಹೂಡಿ, ನಾಲ್ಕು ಸಾಲು ಉತ್ತು ನೋಡಿ ಆಮೇಲೆ ಬಾಯಿಬಿಡುವಂತೆ, ನೌಕಾಪಡೆಯಲ್ಲಿ ಇದಕ್ಕೆಂದೇ ಒಂದು ತರಬೇತಿ ತಂಡವಿದೆ. ಅವರು ವಾರಗಟ್ಟಲೆ ಹಡಗಿನಲ್ಲೇ ಉಳಿಯುತ್ತಾರೆ. ಮೊದಲು ಬಂದರಿನಲ್ಲಿ ನಿಲ್ಲಿಸಿ ಯಾವ ಪಂಪು ಎಲ್ಲಿ, ಯಾವ ಬಾಗಿಲು ಯಾರದು ಎಂದು ಕೇಳುತ್ತಾರೆ. ಆಮೇಲೆ ಸಮುದ್ರಕ್ಕೆ ಕರೆದೊಯ್ದು ದೀಪ ಆರಿಸುತ್ತಾರೆ, ಹೊಗೆ ಬಿಡುತ್ತಾರೆ, ಬಟ್ಟೆಯ ಗೊಂಬೆಯನ್ನು ನೀರಿಗೆಸೆದು 'ಮನುಷ್ಯ ಬಿದ್ದ' ಎಂದು ಗಡಿಯಾರ ನೋಡುತ್ತ ನಿಲ್ಲುತ್ತಾರೆ. ಪ್ರತಿ ಅನಾಹುತಕ್ಕೂ ಮೊದಲು ಮೈಕಿನಲ್ಲಿ 'ಇದು ಅಭ್ಯಾಸಕ್ಕಾಗಿ' ಎಂದು ಮೂರು ಸಲ ಕೂಗುತ್ತಾರೆ. ಅಭ್ಯಾಸದ ನಡುವೆ ನಿಜವಾಗಿಯೂ ಏನಾದರೂ ಆದರೆ ಹೇಳಲು ಬೇರೆ ಮಾತಿದೆ: 'ಸೇಫ್‌ಗಾರ್ಡ್.' ಅಡುಗೆಯವನು ಹೇಳಿದರೂ ಸರಿಯೇ, ಇಡೀ ಹಡಗು ಅಲ್ಲಿಗೆ ಆಟ ನಿಲ್ಲಿಸಬೇಕು.

ತಂಡದ ಹಿರಿಯ ಪರೀಕ್ಷಕನಿಗೆ ಭಾರಿ ಮೀಸೆ. ಅವನ ಕೆಲಸ ಜನರನ್ನು ಸಾಯಿಸುವುದು. ಓಡುತ್ತಿದ್ದವನ ಹೆಗಲು ಮುಟ್ಟಿ 'ನೀನು ಸತ್ತೆ' ಅಂದರೆ ಅವನು ಇದ್ದಲ್ಲೇ ಮಲಗಬೇಕು, ಮಾತಾಡಬಾರದು. ಅವನಿಲ್ಲದೆ ಉಳಿದವರು ಹೇಗೆ ನಿಭಾಯಿಸುತ್ತಾರೆ ಎಂಬುದೇ ಪರೀಕ್ಷೆ. ಕೊನೆಯ ಪರೀಕ್ಷೆಯ ದಿನ ಆತ ಉಪಕಪ್ತಾನನನ್ನೇ ಸಾಯಿಸಿದ. ತಾನಿಲ್ಲದೆ ಹಡಗು ತೇಲೀತು ಎಂದು ಉಪಕಪ್ತಾನನಿಗೆ ನಂಬಿಕೆಯಿರಲಿಲ್ಲ. ಮಲಗಿದಲ್ಲಿಂದಲೇ ಎರಡು ಆಜ್ಞೆ ಕೊಟ್ಟುಬಿಟ್ಟ.

"ಈ ಹಡಗಿನಲ್ಲಿ ಹೆಣಗಳು ಬಹಳ ಮಾತಾಡುತ್ತವೆ" ಎಂದು ಪರೀಕ್ಷಕ ಫೇಲು ಮಾಡಿದ. ನಾಳೆ ಇನ್ನೊಂದೇ ಅವಕಾಶ. ಅದೂ ಕೆಟ್ಟರೆ ಆಫ್ರಿಕಾಕ್ಕೆ ಪಕ್ಕದ ಹಡಗು ಹೋಗುತ್ತದೆ.

ಅದೇ ಹಡಗಿನ ಎಂಜಿನ್ ಮನೆಯಲ್ಲಿ ಚಿಕ್ಕನಾಯಕನಹಳ್ಳಿಯ ಇಮ್ದಾದ್ ಇದ್ದ, ಮೆಕ್ಯಾನಿಕ್ ಮನೆತನದ ಹುಡುಗ. ಅವತ್ತು ಸಂಜೆ ಅಡುಗೆಮನೆಗೆ ಬಂದು ಈರುಳ್ಳಿ ಮೂಟೆಯ ಮೇಲೆ ಕೂತ.

"ಲೇ ತಿಮ್ಮ, ನಾಳೆ ಕೆಟ್ರೆ ನಾವ್ ಮತ್ತೆ ಗೂಟಕ್ಕೇ ಕಣ್ಲಾ."

"ಹಂಗಾದ್ರೆ ನಾನು ಊರಿಗೇ ಹೋಗಲ್ಲ ಬುಡು. ದೊಡ್ಡರಂಗಣ್ಣ ಮೇವಿನ ಲೆಕ್ಕ ಕೇಳ್ತಾರೆ."

"ನಿನ್ನ ಕೈಲಾಗೋದು ಒಂದೇ. ಮೀಸೆ ಸಾಯಿಸಿದ್ರೆ ತೆಪ್ಪಗೆ ಸಾಯಿ."

"ಅದೊಂದು ಬತ್ತದೆ ನಂಗೆ."

ಮರುದಿನ ದೀಪ ಆರಿತು, ಹೊಗೆ ತುಂಬಿತು. ಹಡಗಿನ ಹೊಟ್ಟೆಗೆ ನೀರು ನುಗ್ಗಿದೆ, ಅಭ್ಯಾಸಕ್ಕಾಗಿ, ಎಂದು ಮೈಕು ಕೂಗಿತು. ಗಾಯಾಳುಗಳನ್ನು ಹೊರುವ ಕೆಲಸ ಅಡುಗೆಯವರದು. ಸ್ಟ್ರೆಚರ್ ಹಿಡಿದು ಓಡುತ್ತಿದ್ದ ತಿಮ್ಮರಾಜುವಿನ ಹೆಗಲನ್ನು ಪರೀಕ್ಷಕ ಮುಟ್ಟಿದ. ತಿಮ್ಮರಾಜು ಬಿದ್ದ. ಬಿದ್ದದ್ದು ನೀರು ತಡೆಯುವ ಕಬ್ಬಿಣದ ಬಾಗಿಲಿನ ಪಕ್ಕ. ಎಡಗೈ ಆ ಬಾಗಿಲಿನ ಹೊಸ್ತಿಲ ಮೇಲೆ.

ಆ ಬಾಗಿಲು ಮುಚ್ಚುವವನು ಇಮ್ದಾದ್. ಹೊಗೆಯಲ್ಲಿ ಬಂದ, ತಳ್ಳಿದ. ಬಾಗಿಲು ಸರಿಯಾಗಿ ಕೂರಲಿಲ್ಲ.

"ತಳ್ಳು! ನೀರು ಬರುತ್ತಿದೆ!" ಎಂದು ಪರೀಕ್ಷಕ ಕಿವಿಯ ಹತ್ತಿರ ಅರಚಿದ.

ಇಮ್ದಾದ್ ಹೆಗಲು ಕೊಟ್ಟು ತಳ್ಳಿ ಚಿಲಕದ ಹಿಡಿಯನ್ನು ಬಡಿದು ಕೂರಿಸಿದ.

ಹೇಳಬೇಕಾದ ಮಾತು ತಿಮ್ಮರಾಜುವಿಗೆ ಗೊತ್ತಿತ್ತು. ಹೇಳಿದರೆ ಅಭ್ಯಾಸ ನಿಲ್ಲುತ್ತದೆ, ಆಫ್ರಿಕಾ ಪಕ್ಕದ ಹಡಗಿಗೆ ಹೋಗುತ್ತದೆ ಎಂದು ಅವನ ಲೆಕ್ಕ. ಅವನು ಹೇಳಲಿಲ್ಲ. ಪರೀಕ್ಷಕ ಟಾರ್ಚನ್ನು ಅವನ ಮುಖಕ್ಕೆ ಹಿಡಿದು, ರೆಪ್ಪೆ ಅಲುಗುತ್ತದೇನೋ ಎಂದು ನೋಡಿ, ಮೆಚ್ಚಿ ತಲೆಯಾಡಿಸಿ ಮುಂದೆ ಹೋದ. ಅಭ್ಯಾಸ ಮುಗಿಯಿತು ಎಂದು ಮೈಕು ಹೇಳುವವರೆಗೆ ತಿಮ್ಮರಾಜು ಹಾಗೆಯೇ ಮಲಗಿದ್ದ. ಮೊದಲು ಬಹಳ ನೋವಿತ್ತಂತೆ. ಆಮೇಲೆ ಇರಲಿಲ್ಲವಂತೆ.

ಬಾಗಿಲು ತೆಗೆದ ಇಮ್ದಾದ್ ಕೈ ನೋಡಿ ಅದನ್ನು ತನ್ನ ಎರಡೂ ಕೈಯಲ್ಲಿ ಎತ್ತಿಕೊಂಡ.

"ಕೂಗ್ಬಾರ್ದಾಗಿತ್ತೇನ್ಲಾ! ನಾನು ಕಣ್ಲಾ ತಳ್ತಿದ್ದಿದ್ದು, ನಾನು!"

"ಪಾಸಾಯ್ತಾ?" ಎಂದ ತಿಮ್ಮರಾಜು.

ಪಾಸಾಗಿತ್ತು. ಯಾಕೆ ಹೇಳಲಿಲ್ಲ ಎಂದು ಪರೀಕ್ಷಕ ಕೇಳಿದ. "ನೀವೇ ಸಾಯಿಸಿದ್ರಲ್ಲ ಸಾರ್" ಎಂದ ತಿಮ್ಮರಾಜು, ತನಗೆ ಬಂದ ಹಿಂದಿಯಲ್ಲಿ.

ಬಾಗಿಲಿನ ಅಂಚಿಗೆ ರಬ್ಬರ್ ಇದ್ದುದರಿಂದ ಬೆರಳುಗಳು ಉಳಿದವು, ಉಳಿದವು ಅಷ್ಟೆ. ದಡದ ಆಸ್ಪತ್ರೆಯ ಡಾಕ್ಟರು ಕೊನೆಯ ಎರಡು ಬೆರಳಿಗೆ ಸೂಜಿ ಚುಚ್ಚಿ ಏನನ್ನಿಸುತ್ತದೆ ಎಂದು ಕೇಳುತ್ತಿದ್ದರು. ಇವನು ಕಿಟಕಿಯ ಕಡೆ ನೋಡುತ್ತ, ಚುಚ್ಚಿದಿರಾ ಎಂದು ಕೇಳುತ್ತಿದ್ದ. ಹಡಗು ಎಲ್ಲಕ್ಕೂ ಯೋಗ್ಯವೆಂದು ತೀರ್ಮಾನವಾಗಿ ಬ್ಯಾಂಡು ಬಾರಿಸಿಕೊಂಡು ಹೊರಟ ದಿನ ಆಸ್ಪತ್ರೆಯಲ್ಲಿ ಉಪ್ಪಿಟ್ಟು ಕೊಟ್ಟಿದ್ದರು. ಉಪ್ಪು ಕಡಿಮೆಯಿತ್ತು ಎಂಬುದೊಂದೇ ಅವನಿಗೆ ನೆನಪು.

ರಜದ ಮೇಲೆ ಊರಿಗೆ ಬಂದ. ಜಗಲಿಯ ಮೇಲೆ ಕೂತು, ಎದುರು ಮನೆಯ ಅಂಗಳದಲ್ಲಿ ಆಳುಗಳು ತೆಂಗಿನಕಾಯಿ ಸುಲಿಯುವುದನ್ನು ನೋಡುತ್ತಿದ್ದ. ದೊಡ್ಡರಂಗಯ್ಯನವರು ಒಂದು ಸಲ ಬಂದು ಕೈ ನೋಡಿದರು. ಗೂಟದ ವಿಷಯ ಎತ್ತಲಿಲ್ಲ. ಎತ್ತಿದ್ದರೇ ವಾಸಿಯಿತ್ತು ಎಂದು ಚಿಕ್ಕಗೌರಮ್ಮನಿಗೆ ಅನ್ನಿಸಿತು. ಮಗ ನಕ್ಕು ಬಹಳ ದಿನವಾಗಿತ್ತು.

ಹಡಗು ತಿರುಗಿ ಬಂದ ಮೇಲೆ ಇಮ್ದಾದ್ ಹುಳಿಯಾರಿನ ಬಸ್ಸಿಳಿದು ಹಂದನಕೆರೆಗೆ ಬಂದ. ಜಗಲಿ ತುಂಬ ಜನ ಸೇರಿದರು. ಅವನು ತಿಮ್ಮರಾಜುವಿನ ಮುಖ ನೋಡಲಾರದೆ, "ನೋಡಂಥದ್ದೇನಿಲ್ಲ, ಬರೀ ನೀರು" ಎಂದ.

"ಸುಳ್ಳಾಡ್ಬೇಡ. ಹೇಳು" ಎಂದ ತಿಮ್ಮರಾಜು.

"ಅಲ್ಲೂ ತೆಂಗಿನ ಮರವೇ ಕಣ್ಲಾ. ಕಣ್ಣು ಹರಿಯೋ ಗಂಟ."

"ಕೊಬ್ರಿ ರೇಟೆಷ್ಟಂತೆ?" ದೊಡ್ಡರಂಗಯ್ಯನವರು ಮುಂದೆ ಬಾಗಿದರು.

"ಕೇಳ್ಲಿಲ್ಲ ಯಜಮಾನ್ರೆ."

"ಕೇಳ್ಲಿಲ್ವಾ! ಸರ್ಕಾರದ ಹಡಗಲ್ಲಿ ಅಷ್ಟ್ ದೂರ ಹೋಗಿ ಕೊಬ್ರಿ ರೇಟ್ ಕೇಳ್ದೆ ಬಂದ್ಯಾ! ನಮ್ಮ ತಿಮ್ಮ ಹೋಗಿದ್ರೆ ಕೇಳ್ಕೊಂಡ್ ಬತ್ತಿದ್ದ."



"ಮರ ಎತ್ರನಾ, ನಮ್ಮವಕ್ಕಿಂತ?" ಎಂದು ತಿಮ್ಮರಾಜು ಕೇಳಿದ.

"ಇಷ್ಟೇ ಎತ್ರ."

ಚಿಕ್ಕಗೌರಮ್ಮ ಕಾಫಿ ತಂದರು. ಎಲ್ಲರೂ ಲೋಟವನ್ನು ಪಂಚೆಯ ತುದಿಯಲ್ಲಿ ಹಿಡಿದು ಊದತೊಡಗಿದರು. ತಿಮ್ಮರಾಜು ತನ್ನ ಲೋಟವನ್ನು ಎಡಗೈಯ ಆ ಎರಡು ಬೆರಳಿನ ನಡುವೆ ಹಿಡಿದು ಕೂತಿದ್ದ.

"ಸುಡ್ತೈತೆ, ಕೆಳಗಿಡೋ ಮಗ" ಎಂದರು ತಾಯಿ.

ಅವನು ಲೋಟವನ್ನೊಮ್ಮೆ ನೋಡಿ ಕೆಳಗಿಟ್ಟ.

"ಆಮೇಲೆ?" ಎಂದು ಇಮ್ದಾದನನ್ನು ಕೇಳಿದ. "ಅಲ್ಲಿಂದ ಎಲ್ಲಿಗೋದ್ರಿ?"